ಕೊಬ್ಬರಿ ಡ್ರೈಯರೂ ಸಂಶೋಧನೆಯೇ: ಆರ್ ಅಂಡ್ ಡಿ ತೆರಿಗೆ ಕಡಿತ ಕೇಳುವುದು ಹೇಗೆ

ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ಅಡಿಕೆ ಸುಲಿಯುವ ಯಂತ್ರ ತಿದ್ದುವವರು, ನೀರ್ಚಾಲಿನಲ್ಲಿ ಹಾಳೆ ತಟ್ಟೆಗೆ ಹೊಸ ಅಚ್ಚು ಮಾಡುವವರು, ಕುಂಬಳೆಯಲ್ಲಿ ತೆಂಗಿನ ಚಿಪ್ಸ್ ಕರಿಯುವವರು, ಎಲ್ಲರೂ ಈಗೀಗ ಒಂದೇ ಪ್ರಶ್ನೆ ಕೇಳುತ್ತಾರೆ. ದೊಡ್ಡ ಕಂಪೆನಿಗಳಿಗೆ ಸಿಗುವ ಆ ರಿಸರ್ಚ್ ವಿನಾಯಿತಿ ನಮಗೂ ಸಿಗುತ್ತದಾ ಅಂತ. ಸಿಗುತ್ತದೆ ಮಾರಾಯ್ರೇ. ಆದರೆ ಅದಕ್ಕೆ ಮೊದಲು ದೆಹಲಿಗೆ ಅರ್ಜಿ ಹಾಕಬೇಕು ಅಂತ ಯಾರಾದರೂ ಹೇಳಿದರೆ ಸ್ವಲ್ಪ ತಡೆಯಿರಿ. ನಮ್ಮಂಥವರಲ್ಲಿ ಹೆಚ್ಚಿನವರಿಗೆ ಆ ಅರ್ಜಿಯೇ ಬೇಡ. ಬೇಕಾದದ್ದು ಒಂದು ನೋಟ್‌ಬುಕ್ಕು, ಒಂದು ಪ್ರತ್ಯೇಕ ಲೆಜರು, ಮತ್ತೆ ನಿಮ್ಮ ಹೆಸರಲ್ಲೇ ಇರುವ ಬಿಲ್ಲು.

ನಮ್ಮದು ಸಣ್ಣ ಪಾಲುದಾರಿಕೆ ಸಂಸ್ಥೆ. ನಾನು ಮತ್ತು ಭಾವ. ತೆಂಗಿನೆಣ್ಣೆ ತೆಗೆಯುತ್ತೇವೆ. ನಮ್ಮ ದೊಡ್ಡ ತಲೆನೋವು ಮಳೆಗಾಲ. ಜೂನ್ ಹಿಡಿದು ಸೆಪ್ಟೆಂಬರ್ ತನಕ ಅಂಗಳದಲ್ಲಿ ಕೊಬ್ಬರಿ ಒಣಗಿಸುವ ಮಾತೇ ಇಲ್ಲ. ಚಿಪ್ಪು ಉರಿಸಿ ಒಣಗಿಸಿದರೆ ಹೊಗೆ ವಾಸನೆ, ಆ ಎಣ್ಣೆಗೆ ಬೆಲೆ ಇಲ್ಲ. ಹಾಗಾಗಿ ಹೊಗೆ ತಾಗದ, ಕಡಿಮೆ ಕರೆಂಟಿನ ಒಂದು ಡ್ರೈಯರ್ ಮಾಡುವ ಅಂತ ಎರಡು ಮಳೆಗಾಲ ಒದ್ದಾಡಿದೆವು. ಖರ್ಚು ಸುಮಾರಾಯಿತು. ಮೊದಲ ವರ್ಷದ ಖರ್ಚಿಗೆ ಒಂದು ಪೈಸೆ ಪ್ರಯೋಜನ ಸಿಗಲಿಲ್ಲ, ತಪ್ಪು ನಮ್ಮದೇ. ಎರಡನೇ ವರ್ಷ ಸಿಕ್ಕಿತು. ಈ ಎರಡು ವರ್ಷದ ನಡುವೆ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ 200 ಪರ್ಸೆಂಟಿನ ಕಥೆ

ಒಬ್ಬ ಕನ್ಸಲ್ಟೆಂಟ್ ಮನೆಗೇ ಬಂದಿದ್ದರು. "ಸಂಶೋಧನೆಗೆ 1 ಲಕ್ಷ ಖರ್ಚು ಮಾಡಿದರೆ ತೆರಿಗೆ ಹಾಕುವ ಲಾಭದಿಂದ 2 ಲಕ್ಷ ಕಳೆಯಬಹುದು, ನಾನು ಮಾಡಿಸಿಕೊಡುತ್ತೇನೆ" ಅಂದರು. ಮುಂಗಡ ಕೇಳಿದರು, ನಾವೂ ಕೊಟ್ಟೆವು. ಆಮೇಲೆ ಗೊತ್ತಾಯಿತು, ಅವರು ಹೇಳಿದ್ದು ಹಳೇ ಕಥೆ.

ಆದಾಯ ತೆರಿಗೆ ಕಾಯ್ದೆಯ 35(2ಎಬಿ) ಅಂತ ಒಂದು ವಿಧಿ ಇದೆ. 2010-11ರಿಂದ 2016-17ರ ತನಕ ಅದರಲ್ಲಿ ನಿಜವಾಗಿ 200% ಕಡಿತ ಇತ್ತು. 2017-18ರಿಂದ ಅದು 150% ಆಯಿತು. 2020-21ರಿಂದ ಬರೀ 100%. ಅಂದರೆ 1 ಲಕ್ಷ ಖರ್ಚಿಗೆ 1 ಲಕ್ಷವೇ. ಅದೂ ಕಂಪೆನಿಗಳಿಗೆ ಮಾತ್ರ, ಪಾಲುದಾರಿಕೆಗೆ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಈಗಲೂ ಯಾರಾದರೂ "ಡಬ್ಬಲ್ ಕಡಿತ" ಅಂದರೆ ಚಾ ಕೊಟ್ಟು ಕಳಿಸಿ.

ಹಾಗಾದರೆ ಉಳಿದದ್ದು ಏನು? ಅದೇ ಸೆಕ್ಷನ್ 35ರ ಮೊದಲ ಭಾಗ, 35(1). ಇದರ ಬಗ್ಗೆ ಯಾರೂ ಮಾತಾಡುವುದಿಲ್ಲ, ಯಾಕೆಂದರೆ ಇದರಲ್ಲಿ ಯಾರಿಗೂ ಕಮಿಷನ್ ಇಲ್ಲ. ನಿಮ್ಮ ವ್ಯಾಪಾರಕ್ಕೆ ಸಂಬಂಧಪಟ್ಟ ವೈಜ್ಞಾನಿಕ ಸಂಶೋಧನೆಗೆ ನೀವೇ ಮಾಡಿದ ದಿನವಹಿ ಖರ್ಚು, ಅಂದರೆ ಸಂಬಳ, ಸಾಮಗ್ರಿ, ಕರೆಂಟು, ಟೆಸ್ಟಿನ ಫೀಸು, ಪೂರ್ತಿ ಕಳೆಯಬಹುದು. ಅದೇನು ದೊಡ್ಡ ಸಂಗತಿ, ಯಾವ ಖರ್ಚಾದರೂ ಕಳೆಯಬಹುದಲ್ವಾ ಅಂತ ಕೇಳುತ್ತೀರಿ. ಸರಿ. ನಿಜವಾದ ಲಾಭ ಇರುವುದು ಯಂತ್ರದಲ್ಲಿ. ಸಂಶೋಧನೆಗೆ ಅಂತ ಕೊಂಡ ಯಂತ್ರ, ಕಟ್ಟಿದ ಶೆಡ್ಡು, ಉಪಕರಣ, ಇವುಗಳ ಪೂರ್ತಿ ಬೆಲೆಯನ್ನು ಅದೇ ವರ್ಷ ಕಳೆಯಬಹುದು. ಜಾಗದ ಬೆಲೆ ಮಾತ್ರ ಸೇರುವುದಿಲ್ಲ. ಇದು ಕಂಪೆನಿಗೂ ಇದೆ, ಪಾಲುದಾರಿಕೆಗೂ ಇದೆ, ಒಬ್ಬರೇ ನಡೆಸುವ ವ್ಯಾಪಾರಕ್ಕೂ ಇದೆ. ದೆಹಲಿಯ ಒಪ್ಪಿಗೆ ಪತ್ರ ಬೇಡ.

ಲೆಕ್ಕ ಹಾಕಿ ನೋಡಿ. ಪ್ರಯೋಗದ ಡ್ರೈಯರಿಗೆ 8,00,000 ರೂಪಾಯಿ ಆಯಿತು ಅಂತ ಇಟ್ಟುಕೊಳ್ಳಿ. ಮಾಮೂಲಿ ಯಂತ್ರ ಅಂತ ತೋರಿಸಿದರೆ ಮೊದಲ ವರ್ಷ ಸವಕಳಿ (ಯಂತ್ರ ಸವೆಯುವುದಕ್ಕೆ ವರ್ಷ ವರ್ಷ ಕಳೆಯಲು ಬಿಡುವ ಪಾಲು) 15%, ಅಂದರೆ 1,20,000. ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಓಡಿಸಿದ್ದರೆ ಅದರ ಅರ್ಧ. ಪಾಲುದಾರಿಕೆಗೆ ತೆರಿಗೆ 30%, ಮೇಲೆ 4% ಸೆಸ್, ಒಟ್ಟು 31.2%. ಹಾಗಾಗಿ ಉಳಿಯುವ ತೆರಿಗೆ 37,440. ಹೊಸ ಯಂತ್ರಕ್ಕೆ ಇರುವ 20% ಹೆಚ್ಚುವರಿ ಸವಕಳಿ ಸಿಕ್ಕಿತು ಅಂದರೂ 87,360. ಅದೇ ಯಂತ್ರವನ್ನು ಸಂಶೋಧನೆಯ ಖರ್ಚು ಅಂತ 35(1)ರಲ್ಲಿ ತೋರಿಸಿದರೆ ಪೂರ್ತಿ 8,00,000 ಕಳೆಯುತ್ತದೆ, ಉಳಿಯುವ ತೆರಿಗೆ 2,49,600. ಇದು ಉಡುಗೊರೆ ಅಲ್ಲ, ಹತ್ತು ಹದಿನೈದು ವರ್ಷದಲ್ಲಿ ಚೂರು ಚೂರೇ ಸಿಗುವುದು ಈಗಲೇ ಸಿಕ್ಕಿತು ಅಷ್ಟೇ. ಆದರೆ ಬ್ಯಾಂಕಿನ ಬಡ್ಡಿ ಕಟ್ಟುವವರಿಗೆ ಈಗಲೇ ಸಿಗುವ ದುಡ್ಡಿನ ಬೆಲೆ ಗೊತ್ತಿರುತ್ತದೆ.

ಒಂದು ಸಲ ಹೀಗೆ ಪೂರ್ತಿ ಕಳೆದ ಯಂತ್ರಕ್ಕೆ ಮತ್ತೆ ಸವಕಳಿ ಕೇಳುವ ಹಾಗಿಲ್ಲ. ನಾಳೆ ಅದನ್ನೇ ಉತ್ಪಾದನೆಗೆ ಹಾಕಿದರೂ ಲೆಕ್ಕದಲ್ಲಿ ಅದರ ಬೆಲೆ ಸೊನ್ನೆ. ಮಾರಿದರೆ ಬಂದ ದುಡ್ಡಿಗೆ ತೆರಿಗೆ ಬರುತ್ತದೆ. ಲಾಭವೇ ಇಲ್ಲದ ವರ್ಷವಾದರೆ ಹೆದರಬೇಡಿ, ಕಳೆಯದೆ ಉಳಿದ ಯಂತ್ರದ ಖರ್ಚು ಸವಕಳಿಯ ಹಾಗೆಯೇ ಮುಂದಿನ ವರ್ಷಗಳಿಗೆ ಹೋಗುತ್ತದೆ.

ನಾವು ಮೊದಲ ವರ್ಷ ಬಿದ್ದ ಹೊಂಡ

ನಾವು ಅಷ್ಟರ ತನಕ 44ಎಡಿಯಲ್ಲಿ ರಿಟರ್ನ್ ಹಾಕುತ್ತಿದ್ದೆವು. ವಹಿವಾಟಿನ 8%, ಬ್ಯಾಂಕ್ ಮೂಲಕ ಬಂದದ್ದಕ್ಕೆ 6% ಲಾಭ ಅಂತ ಒಪ್ಪಿಕೊಂಡು ಸುಮ್ನೆ ಕಟ್ಟಿಬಿಡುವ ಪದ್ಧತಿ. ಪುಸ್ತಕ ಬರೆಯುವ ರಗಳೆ ಇಲ್ಲ, ನಮ್ಮೂರ ಮುಕ್ಕಾಲು ಅಂಗಡಿಗಳು ಇದರಲ್ಲೇ ಇವೆ. ಆದರೆ 44ಎಡಿ ಹಿಡಿದರೆ ಎಲ್ಲ ಖರ್ಚೂ ಆ ಪರ್ಸೆಂಟಿನ ಒಳಗೇ ಬಂತು ಅಂತ ಕಾಯ್ದೆ ಹೇಳುತ್ತದೆ. ಸಂಶೋಧನೆಯ ಖರ್ಚೂ ಬಂತು. ಬೇರೆ ಕೇಳುವ ಹಾಗಿಲ್ಲ. ನಮಗೆ ಇದು ಗೊತ್ತಾದದ್ದು ರಿಟರ್ನ್ ಹಾಕಿ ಮುಗಿದ ಮೇಲೆ.

ಹಾಗಂತ ಈ ವರ್ಷವೇ 44ಎಡಿ ಬಿಟ್ಟು ಹಾರಬೇಡಿ. ಒಮ್ಮೆ ಹಿಡಿದು ಐದು ವರ್ಷದೊಳಗೆ ಬಿಟ್ಟರೆ ಮುಂದಿನ ಐದು ವರ್ಷ ವಾಪಸು ಬರಲು ಬಿಡುವುದಿಲ್ಲ. ಆಡಿಟ್ ಖರ್ಚು ತಲೆಗೆ ಬರುತ್ತದೆ. ಪ್ರಯೋಗದ ಖರ್ಚು ಒಂದೆರಡು ಲಕ್ಷದ ಒಳಗಿದ್ದರೆ ಎಷ್ಟೋ ಸಲ 44ಎಡಿಯಲ್ಲೇ ಕೂತುಕೊಳ್ಳುವುದು ವಾಸಿ. ದೊಡ್ಡ ಖರ್ಚು ಬರುವ ವರ್ಷ ಯಾವುದು ಅಂತ ನೋಡಿ, ಏಪ್ರಿಲಿನಲ್ಲೇ ಆಡಿಟರ ಹತ್ತಿರ ಕೂತು ಎರಡೂ ರೀತಿ ಲೆಕ್ಕ ಹಾಕಿಸಿ. ಮಾರ್ಚ್ 31ರ ಸಂಜೆ ಅಲ್ಲ.

ಯಾವುದು ಸಂಶೋಧನೆ, ಯಾವುದು ಅಲ್ಲ

ಕಾಯ್ದೆಯ ಮಾತು ಸರಳವಾಗಿದೆ. ವಿಜ್ಞಾನದ ಯಾವುದೇ ಕ್ಷೇತ್ರದಲ್ಲಿ ತಿಳುವಳಿಕೆ ಹೆಚ್ಚಿಸುವ ಕೆಲಸ, ಅದರಲ್ಲಿ ಕೃಷಿ, ಪಶುಪಾಲನೆ, ಮೀನುಗಾರಿಕೆಯೂ ಸೇರಿತು. ಬಿಳಿ ಕೋಟು ಹಾಕಬೇಕು ಅಂತ ಎಲ್ಲೂ ಇಲ್ಲ. ಡಿಗ್ರಿ ಬೇಕು ಅಂತಲೂ 35(1)ರಲ್ಲಿ ಇಲ್ಲ. ಆದರೆ "ನನಗೆ ಉತ್ತರ ಗೊತ್ತಿರಲಿಲ್ಲ, ಗೊತ್ತು ಮಾಡಿಕೊಳ್ಳಲು ಪ್ರಯೋಗ ಮಾಡಿದೆ" ಅಂತ ತೋರಿಸಲು ಆಗಬೇಕು.

ಕೊಯಮತ್ತೂರಿನಿಂದ ರೆಡಿ ಡ್ರೈಯರ್ ತಂದು ಸ್ವಿಚ್ ಹಾಕಿದರೆ ಅದು ಸಂಶೋಧನೆ ಅಲ್ಲ, ಖರೀದಿ. ಅದೇ ಡ್ರೈಯರಿನ ಗಾಳಿಯ ದಾರಿ ಬದಲಿಸಿ, ತಟ್ಟೆಯ ಅಂತರ ಬದಲಿಸಿ, ನಮ್ಮ ಜುಲೈ ತಿಂಗಳ ತೇವದಲ್ಲಿ ಎಷ್ಟು ಗಂಟೆಗೆ ಎಷ್ಟು ಒಣಗುತ್ತದೆ ಅಂತ ನೋಡಿದರೆ ಅದು ಸಂಶೋಧನೆ. ಪ್ಯಾಕೆಟ್ಟಿನ ಬಣ್ಣ ಬದಲಿಸಿದ್ದು ಅಲ್ಲ. ಮಾರ್ಕೆಟ್ ಸರ್ವೆ ಅಲ್ಲ. ಪ್ರತಿ ಬ್ಯಾಚಿಗೆ ಮಾಡುವ ಮಾಮೂಲಿ ಗುಣಮಟ್ಟ ಪರೀಕ್ಷೆ ಅಲ್ಲ. ಆಹಾರ ಲೈಸನ್ಸಿಗೆ ಮಾಡಿಸಿದ ಟೆಸ್ಟೂ ಅಲ್ಲ.

ನಮ್ಮ ಕಡೆಯವರು ಎಡವುವ ಇನ್ನೊಂದು ಜಾಗ ಇದೆ. ಕೂಡ್ಲುವಿನಲ್ಲಿ ಕೇಂದ್ರ ಸರಕಾರದ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಇದೆ. 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಶುರುವಾದದ್ದು. ಅವರು ತೆಂಗಿನ ಚಿಪ್ಸ್, ಕಲ್ಪರಸ (ತೆಂಗಿನ ಹೊಂಬಾಳೆಯಿಂದ ಇಳಿಸುವ ಸಿಹಿ ರಸ) ಇಂಥ ತಂತ್ರಜ್ಞಾನಗಳನ್ನು ಲೈಸನ್ಸಿಗೆ ಕೊಡುತ್ತಾರೆ. ಒಳ್ಳೆಯದೇ, ಆದರೆ ಅವರಿಗೆ ಕಟ್ಟಿದ ಲೈಸನ್ಸ್ ಫೀಸು ನಿಮ್ಮ ಸಂಶೋಧನೆಯ ಖರ್ಚು ಅಲ್ಲ. ಬೇರೆಯವರ ಸಂಶೋಧನೆಯ ಹಕ್ಕು ಕೊಳ್ಳಲು ಕೊಟ್ಟ ದುಡ್ಡನ್ನು ಕಾಯ್ದೆ ಸ್ಪಷ್ಟವಾಗಿ ಹೊರಗಿಟ್ಟಿದೆ. ಅದನ್ನು ಬೇರೆ ಆಸ್ತಿಯಾಗಿ ತೋರಿಸಿ 25% ಸವಕಳಿ ತೆಗೆಯಬೇಕು. ಆದರೆ ನಿಮ್ಮದೇ ಪ್ರಯೋಗದ ಸ್ಯಾಂಪಲ್ ಕೊಟ್ಟು ಲ್ಯಾಬಿನಲ್ಲಿ ತೇವಾಂಶ, ಕೊಬ್ಬಿನಾಮ್ಲ ನೋಡಿಸಿದರೆ ಆ ಫೀಸು ನಿಮ್ಮ ಪ್ರಯೋಗದ ಖರ್ಚೇ. ಎರಡಕ್ಕೂ ಒಂದೇ ರಸೀದಿ ಮಾಡಿಸಬೇಡಿ.

ತೋಟದ ಪ್ರಯೋಗದ ಬಗ್ಗೆ ಕೂಡ ಕೇಳುತ್ತಾರೆ. ಅಡಿಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಟ್ಟು ಬೇರೆ ಏನೋ ಸಿಂಪಡಿಸಿ ನೋಡಿದೆ, ಖರ್ಚು ಕಳೆಯಬಹುದಾ ಅಂತ. ಕೃಷಿ ಆದಾಯಕ್ಕೆ ತೆರಿಗೆಯೇ ಇಲ್ಲ, ಮತ್ತೆ ಯಾವುದರಿಂದ ಕಳೆಯುತ್ತೀರಿ? ತೆರಿಗೆ ಕಟ್ಟುವ ವ್ಯಾಪಾರ ಇದ್ದು, ಆ ವ್ಯಾಪಾರಕ್ಕೆ ಸಂಬಂಧಪಟ್ಟಿದ್ದರೆ ಮಾತ್ರ ಈ ಮಾತು.

ನೋಟ್‌ಬುಕ್

ಇದಕ್ಕೆ ನಾನು ಜಾಸ್ತಿ ಜಾಗ ಕೊಡುತ್ತೇನೆ, ಯಾಕೆಂದರೆ ಇದು ಇಲ್ಲದಿದ್ದರೆ ಉಳಿದದ್ದೆಲ್ಲ ಗಾಳಿಯಲ್ಲಿ ನಿಂತ ಹಾಗೆ. ಕಂಪ್ಯೂಟರ್ ಬೇಡ. ಉದ್ದ ಗೆರೆಯ, ಹೊಲಿದ, ಪುಟಕ್ಕೆ ನಂಬರು ಹಾಕಿದ ಪುಸ್ತಕ ಸಾಕು. ಹಾಳೆ ಕಿತ್ತರೆ ಗೊತ್ತಾಗಬೇಕು. ನಮ್ಮ ಪುಸ್ತಕದ ಒಂದು ದಿನ ಹೀಗಿದೆ:

"ಜುಲೈ 9. ಬೆಳಗ್ಗೆ 7. ರಾತ್ರಿಯಿಂದ ಮಳೆ ಬಿಟ್ಟಿಲ್ಲ. ಶೆಡ್ಡಿನ ತೇವ 92. ಹೋಳು 40 ಕೆಜಿ, ಐದು ತಟ್ಟೆ. 55 ಡಿಗ್ರಿ, 8 ಗಂಟೆ. ಸಂಜೆ ತೂಕ 27.5. ಕೆಳಗಿನ ತಟ್ಟೆ ಕೆಂಪಾಗಿದೆ, ಮೇಲಿನದ್ದು ಮುಟ್ಟಿದರೆ ಹಸಿ. ಕರೆಂಟು 31 ಯೂನಿಟ್. ಫ್ಯಾನ್ ಮೇಲಿಂದ ಕೆಳಗೆ ತಿರುಗಿಸಿ ನೋಡಬೇಕು."

ಜುಲೈ 11ರ ಪುಟದಲ್ಲಿ ಫ್ಯಾನ್ ತಿರುಗಿಸಿದ್ದು ಇದೆ, ಅದೂ ಸರಿ ಹೋಗಲಿಲ್ಲ ಅಂತ ಇದೆ. ಭಾವ "ಸೋತದ್ದನ್ನೆಲ್ಲ ಯಾಕೆ ಬರೆಯುವುದು" ಅಂದಿದ್ದರು. ಆದರೆ ಅದು ಸಂಶೋಧನೆ ಅಂತ ತೋರಿಸುವುದೇ ಆ ಸೋತ ಪುಟಗಳು. ಹಸಿ ಕಾಯಿಯಲ್ಲಿ ಅರ್ಧದಷ್ಟು ನೀರು, ಅದನ್ನು 6 ಪರ್ಸೆಂಟಿಗೆ ಇಳಿಸಿದರೆ ಮಾತ್ರ ಕೊಬ್ಬರಿ ಬೂಸ್ಲು ಹಿಡಿಯದೆ ನಿಲ್ಲುತ್ತದೆ. ಎಲ್ಲ ದಿನವೂ ಸರಿಯಾಗಿ 6 ಬಂತು ಅಂತ ಬರೆದಿದ್ದರೆ ಯಾರಾದರೂ ಇದು ಪ್ರಯೋಗ ಅಲ್ಲ, ಉತ್ಪಾದನೆ ಅನ್ನುತ್ತಿದ್ದರು. ಅದು ಸರಿಯೂ ಹೌದು.

ಪುಸ್ತಕ ಕನ್ನಡದಲ್ಲೇ ಇರಲಿ. ಪಂಚಾಯತಿಗೆ ಮಲಯಾಳಂ, ತೆರಿಗೆಗೆ ಇಂಗ್ಲಿಷ್, ನಮ್ಮ ಪುಸ್ತಕಕ್ಕಾದರೂ ಕನ್ನಡ ಬೇಡವಾ? ಬಲವಂತದ ಇಂಗ್ಲಿಷಿನಲ್ಲಿ ಬರೆಯಲು ಹೋದರೆ ಮೂರನೇ ದಿನಕ್ಕೆ ಬರೆಯುವುದೇ ನಿಲ್ಲುತ್ತದೆ. ಆದರೆ ವರ್ಷದ ಕೊನೆಗೆ ಒಂದೂವರೆ ಪುಟದ ಇಂಗ್ಲಿಷ್ ಸಾರಾಂಶ ಮಾಡಿಸಿಡಿ. ಸಮಸ್ಯೆ ಏನಿತ್ತು, ಏನೇನು ಮಾಡಿ ನೋಡಿದೆವು, ಏನು ಗೊತ್ತಾಯಿತು, ಎಷ್ಟು ಖರ್ಚಾಯಿತು. ಈಗ ಪರಿಶೀಲನೆ ಎಲ್ಲ ಮುಖ ನೋಡದೆ ಪೋರ್ಟಲ್ ಮೂಲಕ ನಡೆಯುತ್ತದೆ, ನಿಮ್ಮ ಫೈಲು ನೋಡುವ ಅಧಿಕಾರಿ ಭಾರತದ ಯಾವ ಊರಲ್ಲಾದರೂ ಇರಬಹುದು. ಅವರಿಗೆ ಕನ್ನಡವೂ ಬಾರದು, ಕೊಬ್ಬರಿಯೂ ಗೊತ್ತಿರಲಿಕ್ಕಿಲ್ಲ.

ಲೆಜರು, ಬಿಲ್ಲು ಮತ್ತು ತಲಪಾಡಿ

ಅಕೌಂಟಿನಲ್ಲಿ "ಸಂಶೋಧನೆ ಖರ್ಚು" ಅಂತ ಬೇರೆಯೇ ತಲೆಬರಹ ತೆಗೆಯಿರಿ, ಏಪ್ರಿಲ್ 1ಕ್ಕೇ. ನಾವು ಮೊದಲ ವರ್ಷ ವರ್ಕ್‌ಶಾಪಿನ ಬಿಲ್ಲೆಲ್ಲ "ರಿಪೇರಿ" ಅಂತ ಬರೆದಿದ್ದೆವು. ಆಮೇಲೆ ಯಾವ ತಗಡು ಪ್ರಯೋಗಕ್ಕೆ, ಯಾವುದು ಮಾಡಿಗೆ ಅಂತ ನಮಗೇ ಗೊತ್ತಾಗಲಿಲ್ಲ. ಯಂತ್ರದ ಖರ್ಚಿಗೆ ಒಂದು, ದಿನವಹಿ ಖರ್ಚಿಗೆ ಒಂದು, ಎರಡು ಲೆಜರ್ ಸಾಕು. ಅರ್ಧ ದಿನ ಪ್ರಯೋಗಕ್ಕೆ, ಅರ್ಧ ದಿನ ಗಾಣಕ್ಕೆ ಕೆಲಸ ಮಾಡುವ ಹುಡುಗ ಇದ್ದರೆ ಅವನ ಗಂಟೆ ಬರೆದಿಡಿ, ಆ ಪಾಲನ್ನಷ್ಟೇ ಹಾಕಿ.

ನಗದು ಕೊಡಬೇಡಿ. ಒಬ್ಬರಿಗೆ ಒಂದು ದಿನಕ್ಕೆ 10,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ಆ ಖರ್ಚನ್ನು ಒಪ್ಪುವುದಿಲ್ಲ. ವೆಲ್ಡಿಂಗ್ ಮಾಡುವವರು "ಕ್ಯಾಶ್ ಕೊಡಿ, ಬಿಲ್ಲು ಬೇಡ" ಅಂತ ಹೇಳುತ್ತಾರೆ, ಸ್ವಲ್ಪ ಕಡಿಮೆಗೂ ಮಾಡಿಕೊಡುತ್ತಾರೆ. ಆ ಸ್ವಲ್ಪಕ್ಕೆ ಆಸೆ ಬಿದ್ದು ನಾವು ಕಳೆದುಕೊಂಡದ್ದು ಅದರ ಎಷ್ಟೋ ಪಟ್ಟು. ಪರಿಣತರಿಗೆ ಫೀಸು ಕೊಟ್ಟರೆ ಟಿಡಿಎಸ್ (ಕೊಡುವಾಗಲೇ ಹಿಡಿದು ಸರಕಾರಕ್ಕೆ ಕಟ್ಟುವ ತೆರಿಗೆ) ಹಿಡಿಯಬೇಕಾ ಅಂತ ಮೊದಲೇ ಕೇಳಿಕೊಳ್ಳಿ, ಹಿಡಿಯದಿದ್ದರೆ ಆ ಖರ್ಚಿನ 30% ಕೈ ಬಿಡುತ್ತದೆ. ವರ್ಕ್‌ಶಾಪಿನವರು ಉದ್ಯಮ್ ನೋಂದಣಿ ಇರುವ ಸಣ್ಣ ಘಟಕವಾದರೆ ದುಡ್ಡು ಬಾಕಿ ಇಡಬೇಡಿ. ಬರವಣಿಗೆಯ ಒಪ್ಪಂದ ಇಲ್ಲದಿದ್ದರೆ 15 ದಿನ, ಇದ್ದರೂ 45 ದಿನ. ಅದು ದಾಟಿದರೆ ಖರ್ಚು ಸಿಗುವುದು ನೀವು ನಿಜವಾಗಿ ಕೊಟ್ಟ ವರ್ಷದಲ್ಲೇ.

ಇನ್ನು ಗಡಿಯವರ ಖಾಸ್ ಸಮಸ್ಯೆ. ನಮ್ಮ ವರ್ಕ್‌ಶಾಪು ಮಂಗಳೂರಿನಲ್ಲಿ, ಆಡಿಟರು ಪುತ್ತೂರಿನಲ್ಲಿ, ಅತ್ತೆ ಮನೆ ವಿಟ್ಲದಲ್ಲಿ, ಘಟಕ ಮಾತ್ರ ಕೇರಳದಲ್ಲಿ. ಜಿಎಸ್‌ಟಿ ನಂಬರು ಕೇರಳದ್ದಾದರೆ 32ರಿಂದ ಶುರು, ಕರ್ನಾಟಕದ್ದು 29. ವರ್ಕ್‌ಶಾಪಿನವರಿಗೆ 32ರ ನಂಬರು ಕೊಟ್ಟು, ಸಂಸ್ಥೆಯ ಹೆಸರಲ್ಲಿ, ಐಜಿಎಸ್‌ಟಿ (ರಾಜ್ಯ ದಾಟುವ ಮಾಲಿನ ಜಿಎಸ್‌ಟಿ) ಹಾಕಿದ ಬಿಲ್ಲೇ ಮಾಡಿಸಿ. ತಲಪಾಡಿ ಗಡಿ ದಾಟುವ ಸಾಮಾನು 50,000 ರೂಪಾಯಿಗಿಂತ ಜಾಸ್ತಿ ಆದರೆ ಇ-ವೇ ಬಿಲ್ (ಸಾಗಾಟದ ಆನ್‌ಲೈನ್ ಪತ್ರ) ಬೇಕು. ಇದನ್ನು ತಪ್ಪಿಸಲು ನಮ್ಮವರು ಮಾಡುವುದು ಒಂದೇ ಉಪಾಯ: ವಿಟ್ಲದ ನೆಂಟರ ಹೆಸರಿಗೆ ಬಿಲ್ಲು ಮಾಡಿಸಿ ಜೀಪಿನಲ್ಲಿ ತರುವುದು. ಆಗ ಜಿಎಸ್‌ಟಿ ಕ್ರೆಡಿಟ್ಟೂ ಹೋಯಿತು, ಸಂಶೋಧನೆಯ ಕಡಿತವೂ ಹೋಯಿತು, ಯಂತ್ರ ಕಾಗದದಲ್ಲಿ ನೆಂಟರದ್ದಾಯಿತು. ಜಿಎಸ್‌ಟಿ ಕ್ರೆಡಿಟ್ ತೆಗೆದುಕೊಂಡಿದ್ದರೆ ಆ ತೆರಿಗೆಯ ಮೊತ್ತವನ್ನು ಯಂತ್ರದ ಬೆಲೆಗೆ ಸೇರಿಸಬೇಡಿ.

ಅನುದಾನ ಸಿಕ್ಕಿದ್ದರೆ ಅದನ್ನು ಮರೆಮಾಚಬೇಡಿ. ಯಂತ್ರಕ್ಕೆ ಅಂತ ಸರಕಾರ 3 ಲಕ್ಷ ಕೊಟ್ಟು, ನಿಮ್ಮ ಕೈಯಿಂದ 5 ಲಕ್ಷ ಹೋಗಿದ್ದರೆ ನಿಮ್ಮ ಬೆಲೆ 5 ಲಕ್ಷ ಮಾತ್ರ.

ರಿಟರ್ನಿನಲ್ಲಿ ಎಲ್ಲಿ ಹಾಕುವುದು

ಬೇರೆ ಅರ್ಜಿ ಇಲ್ಲ, ರಿಟರ್ನೇ ಅರ್ಜಿ. ಒಬ್ಬರದೇ ವ್ಯಾಪಾರವಾದರೆ ಐಟಿಆರ್-3, ಪಾಲುದಾರಿಕೆಗೆ ಐಟಿಆರ್-5, ಕಂಪೆನಿಗೆ ಐಟಿಆರ್-6. ಮೂರರಲ್ಲೂ ಇಎಸ್‌ಆರ್ ಅಂತ ಸಂಶೋಧನೆ ಖರ್ಚಿನ ಒಂದು ಅನುಸೂಚಿ ಇದೆ. ಅದರಲ್ಲಿ ಮೂರು ಅಂಕಣ. ಲಾಭ ನಷ್ಟದ ಲೆಕ್ಕಕ್ಕೆ ಹಾಕಿದ್ದು ಎಷ್ಟು, ಸಿಗುವ ಕಡಿತ ಎಷ್ಟು, ಎರಡರ ವ್ಯತ್ಯಾಸ ಎಷ್ಟು. ಸಂಬಳ, ಸಾಮಗ್ರಿ ಇದೆಲ್ಲ ಆಗಲೇ ಲೆಕ್ಕದಲ್ಲಿ ಹೋಗಿರುತ್ತದೆ, ವ್ಯತ್ಯಾಸ ಸೊನ್ನೆ. ಯಂತ್ರದ 8 ಲಕ್ಷ ಲಾಭ ನಷ್ಟದಲ್ಲಿ ಇರುವುದಿಲ್ಲ, ಹಾಗಾಗಿ ಮೊದಲನೆಯದು ಸೊನ್ನೆ, ಎರಡನೆಯದು 8 ಲಕ್ಷ, ವ್ಯತ್ಯಾಸ 8 ಲಕ್ಷ. ಅದೇ ಯಂತ್ರವನ್ನು ಸವಕಳಿಯ ಅನುಸೂಚಿಯಿಂದ ತೆಗೆದಿದ್ದಾರಾ ಅಂತ ನೀವೇ ನೋಡಿ. ಅಕೌಂಟಿಂಗ್ ಸಾಫ್ಟ್‌ವೇರ್ ಯಂತ್ರ ಅಂತ ಕಂಡರೆ ಸವಕಳಿಗೆ ತಳ್ಳುತ್ತದೆ. ಆಡಿಟ್ ಇರುವವರು ತೆರಿಗೆ ಆಡಿಟಿನ 3ಸಿಡಿ ವರದಿಯ 19ನೇ ಕಲಮಿನಲ್ಲೂ ಅದೇ ಮೊತ್ತ ಇದೆಯಾ ಅಂತ ಹೋಲಿಸಿ. ಎರಡು ಕಡೆ ಎರಡು ಮೊತ್ತ ಇದ್ದರೆ ನೋಟಿಸನ್ನು ನೀವೇ ಕರೆದ ಹಾಗೆ. ಆಡಿಟ್ ಇರುವ ವ್ಯಾಪಾರಕ್ಕೆ ರಿಟರ್ನ್ ಗಡುವು ಅಕ್ಟೋಬರ್ 31, ಆಡಿಟ್ ವರದಿ ಅದಕ್ಕೆ ಒಂದು ತಿಂಗಳು ಮೊದಲೇ ಹೋಗಬೇಕು.

ನಂಬರಿನ ಬಗ್ಗೆ ಒಂದು ಮಾತು. 1961ರ ಕಾಯ್ದೆಯ ಜಾಗಕ್ಕೆ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿದೆ, ಜಾರಿ 2026ರ ಏಪ್ರಿಲ್ 1ರಿಂದ. ಅಲ್ಲಿ ಸೆಕ್ಷನ್ ನಂಬರು ಬೇರೆ. ನಾನು ಹಳೇ ನಂಬರೇ ಬರೆದಿದ್ದೇನೆ, ಆಡಿಟರುಗಳ ಬಾಯಲ್ಲಿ ಇನ್ನೂ ಇರುವುದು ಅದೇ.

ವ್ಯಾಪಾರ ಇನ್ನೂ ಶುರುವೇ ಆಗದವರಿಗೂ ದಾರಿ ಇದೆ. ಶುರುವಾಗುವ ಮೊದಲಿನ ಮೂರು ವರ್ಷದಲ್ಲಿ ಸಂಶೋಧನೆಗೆ ಹಾಕಿದ ಯಂತ್ರದ ಖರ್ಚು ವ್ಯಾಪಾರ ಶುರುವಾದ ವರ್ಷದ ಖರ್ಚು ಅಂತಲೇ ಲೆಕ್ಕ. ಆ ಮೂರು ವರ್ಷದ ಸಂಬಳ ಮತ್ತು ಸಾಮಗ್ರಿಯ ಖರ್ಚೂ ಸಿಗುತ್ತದೆ, ಆದರೆ ಅದಕ್ಕೆ ಸರಕಾರ ನೇಮಿಸಿದ ಪ್ರಾಧಿಕಾರದ ಪ್ರಮಾಣಪತ್ರ ಬೇಕು.

ದೆಹಲಿಗೆ ಯಾರು ಹೋಗಬೇಕು

ಡಿಎಸ್‌ಐಆರ್, ಅಂದರೆ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಸಚಿವಾಲಯದ ಕೆಳಗೆ ಇರುವ ಇಲಾಖೆ. ಕಂಪೆನಿಯ ಒಳಗಿನ ಸಂಶೋಧನಾ ಘಟಕಕ್ಕೆ ಮಾನ್ಯತೆ ಕೊಡುವುದು ಇವರು. ನಿಮ್ಮದು ಕಂಪೆನಿಯಾಗಿ, ಪ್ರತ್ಯೇಕ ಜಾಗದಲ್ಲಿ ಲ್ಯಾಬ್ ಇದ್ದು, ಅದಕ್ಕೇ ಅಂತ ಪೂರ್ಣಾವಧಿ ಓದಿದ ಸಿಬ್ಬಂದಿ ಇದ್ದು, ಬೇರೆ ಲೆಕ್ಕ ಇಟ್ಟಿದ್ದರೆ ಅರ್ಜಿ ಹಾಕಬಹುದು. ಅರ್ಜಿ ಆನ್‌ಲೈನ್. ಉಪಕರಣಗಳ ಪಟ್ಟಿ, ಸಿಬ್ಬಂದಿಯ ವಿದ್ಯಾರ್ಹತೆ, ನಡೆಯುತ್ತಿರುವ ಯೋಜನೆ, ಹಿಂದಿನ ವರ್ಷಗಳ ಲೆಕ್ಕಪತ್ರ ಎಲ್ಲ ಕೇಳುತ್ತಾರೆ. ಗುಣಮಟ್ಟ ಪರೀಕ್ಷೆಯ ಕೋಣೆಗೆ ಲ್ಯಾಬ್ ಅಂತ ಬೋರ್ಡು ಹಾಕಿದರೆ ಸಾಲದು. ಮಾನ್ಯತೆ ಸಿಕ್ಕಿದ ಮೇಲೆ 35(2ಎಬಿ)ಗೆ ಫಾರ್ಮ್ 3ಸಿಕೆ ಹಾಕಬೇಕು, ಒಪ್ಪಿಗೆ 3ಸಿಎಮ್‌ನಲ್ಲಿ ಬರುತ್ತದೆ, ಪ್ರತಿ ವರ್ಷ ಸಿಎ ಕೊಡುವ ವರದಿ 3ಸಿಎಲ್‌ಎ, ಕೊನೆಗೆ ಇಷ್ಟು ಮೊತ್ತ ಅಂತ ಇಲಾಖೆ ತೆರಿಗೆಯವರಿಗೆ ತಿಳಿಸುವುದು 3ಸಿಎಲ್.

ಇಷ್ಟೆಲ್ಲ ಮಾಡಿ ಸಿಗುವುದು ಅದೇ 100%. ಹಾಗಾದರೆ ಯಾಕೆ ಹೋಗುತ್ತಾರೆ? ಬ್ಯಾಂಕಿಗೆ, ಅನುದಾನದ ಅರ್ಜಿಗೆ ಆ ಮಾನ್ಯತೆಯ ತೂಕ ಇದೆ, ನಿಮ್ಮದು ಸಂಶೋಧನೆ ಹೌದೋ ಅಲ್ಲವೋ ಎಂಬ ವಾದದಲ್ಲೂ ಅದು ಆಸರೆ. ಸೀತಾಂಗೋಳಿಯ ಕಡೆ ಹತ್ತಾರು ಜನ ಎಂಜಿನಿಯರುಗಳನ್ನು ಇಟ್ಟುಕೊಂಡು ಕಂಪೆನಿ ನಡೆಸುವವರಾದರೆ ಹೋಗಿ. ನಾನು ಮತ್ತು ಭಾವ ಹೋಗುವುದಿಲ್ಲ. ಕಂಪೆನಿಯವರು 115ಬಿಎಎ ಪ್ರಕಾರ 22% ತೆರಿಗೆ ದರ ಹಿಡಿದಿದ್ದರೆ 35(2ಎಬಿ) ಸಿಗುವುದೇ ಇಲ್ಲ. 35(1)ರ ಸ್ವಂತ ಸಂಶೋಧನೆಯ ಖರ್ಚು ಮಾತ್ರ ಸಿಗುತ್ತದೆ.

ಹೊಸದಾಗಿ ಕಂಪೆನಿ ಮಾಡುವ ಹುಡುಗರು ನೋಡಬೇಕಾದದ್ದು 80-ಐಎಸಿ, ಅಂದರೆ ಸ್ಟಾರ್ಟಪ್ಪಿನ ಲಾಭಕ್ಕೆ ಕಡಿತ ಕೊಡುವ ಸೆಕ್ಷನ್. ಪ್ರೈವೇಟ್ ಲಿಮಿಟೆಡ್ ಅಥವಾ ಎಲ್‌ಎಲ್‌ಪಿ ಆಗಿರಬೇಕು, ನಮ್ಮ ಹಾಗೆ ಪಾಲುದಾರಿಕೆ ಆದರೆ ಸ್ಟಾರ್ಟಪ್ ಮಾನ್ಯತೆ ಸಿಕ್ಕಿದರೂ ಇದು ಸಿಗುವುದಿಲ್ಲ. 2016ರ ಏಪ್ರಿಲ್ 1ರಂದು ಅಥವಾ ಆಮೇಲೆ, 2030ರ ಏಪ್ರಿಲ್ 1ರ ಮೊದಲು ನೋಂದಣಿ ಆಗಿರಬೇಕು. ಮೊದಲ ಹತ್ತು ವರ್ಷದಲ್ಲಿ ನೀವೇ ಆರಿಸಿದ ಸಾಲಾಗಿ ಮೂರು ವರ್ಷ ಲಾಭದ 100% ಕಡಿತ. ಮೊದಲು ಡಿಪಿಐಐಟಿ (ಕೇಂದ್ರದ ಕೈಗಾರಿಕಾ ಉತ್ತೇಜನ ಇಲಾಖೆ) ಮಾನ್ಯತೆ, ಆಮೇಲೆ ಅಂತರ್ ಸಚಿವಾಲಯ ಮಂಡಳಿಯ ಪ್ರಮಾಣಪತ್ರ, ಎರಡೂ ಬೇರೆ ಬೇರೆ. ಮೊದಲನೆಯದು ಸಿಕ್ಕಿದ ಕೂಡಲೇ ಪೇಡೆ ಹಂಚುವವರನ್ನು ನೋಡಿದ್ದೇನೆ. ಇಲ್ಲೂ 22% ದರ ಹಿಡಿದರೆ ಈ ಕಡಿತ ಇಲ್ಲ. ಅಪ್ಪನ ಹಳೇ ವ್ಯಾಪಾರವನ್ನೇ ಒಡೆದು ಹೊಸ ಹೆಸರು ಕೊಟ್ಟರೆ ಕೂಡ ಇಲ್ಲ.

ಪ್ರಯೋಗದಿಂದ ಪೇಟೆಂಟ್ ಬಂದರೆ ಅದರ ರಾಯಲ್ಟಿಗೆ 115ಬಿಬಿಎಫ್ ಪ್ರಕಾರ 10% ತೆರಿಗೆ. ನಮ್ಮ ಜಿಲ್ಲೆಯವರಿಗೆ ಪೇಟೆಂಟ್ ಕಚೇರಿ ಚೆನ್ನೈ.

ನೋಟಿಸ್ ಬಂದರೆ ಏನು ಮಾಡುವುದು? ಮೊದಲು ಗಡುವು ನೋಡಿ. ಆಮೇಲೆ ಪೋರ್ಟಲಿನಲ್ಲೇ ಉತ್ತರ ಹಾಕಿ, ಇಂಗ್ಲಿಷ್ ಸಾರಾಂಶ ಮೇಲೆ, ನೋಟ್‌ಬುಕ್ಕಿನ ನಾಲ್ಕೈದು ಪುಟದ ಫೋಟೋ, ಲೆಜರ್, ಬಿಲ್ಲು, ಬ್ಯಾಂಕ್ ಪಾವತಿ, ಯಂತ್ರದ ಫೋಟೋ. ಪೂರ್ತಿ ಪುಸ್ತಕ ಸ್ಕ್ಯಾನ್ ಮಾಡಿ ಸುರಿಯಬೇಡಿ, ಕೇಳಿದರೆ ಕೊಡಿ. ಯಂತ್ರವನ್ನು ಉತ್ಪಾದನೆಗೆ ಬಳಸಿದ್ದೀರಾ ಅಂತ ಕೇಳಿಯೇ ಕೇಳುತ್ತಾರೆ. ಪ್ರಯೋಗ ನಡೆದ ತಿಂಗಳ ಪುಟಗಳು ಅದಕ್ಕೆ ಉತ್ತರ.

ಆಮೇಲೆ ಆ ಪುಸ್ತಕವನ್ನು ಅಟ್ಟದಲ್ಲಿ ಇಡಬೇಡಿ. ಲೆಕ್ಕದ ಪುಸ್ತಕಗಳನ್ನು ಆಯಾ ಅಸೆಸ್‌ಮೆಂಟ್ ವರ್ಷ ಮುಗಿದ ಮೇಲೆ 6 ವರ್ಷ ಕಾಯ್ದಿಡಬೇಕು, ಅಂದರೆ ಮಳೆ ಸುರಿಯುವ ಆರು ಆಟಿ ತಿಂಗಳು ದಾಟಬೇಕು. ನಮ್ಮ ಮೊದಲ ವರ್ಷದ ಪುಸ್ತಕಕ್ಕೆ ಒಂದೇ ಮಳೆಗಾಲದಲ್ಲಿ ಬೂಸ್ಲು ಹಿಡಿದು ಪುಟಗಳು ಅಂಟಿಕೊಂಡವು. ಈಗಿನದು ಪ್ಲಾಸ್ಟಿಕ್ ಚೀಲದಲ್ಲಿ, ಆ ಡ್ರೈಯರಿನ ಪಕ್ಕದ ಕಪಾಟಿನಲ್ಲೇ ಇದೆ.